ಮಣಿಪಾಲದ ಡಾಕ್ಟ್ರಿಗೆ ಕಂಡ ಅಜ್ಜಿ

ಮೋಹಿನಿ ಕೆಲಸ ಬಿಟ್ಟು ಹೊರಟಾಗ ಮೂರ್ಸಂಜೆ ಕಳೆದು ಕತ್ತಲು ಇಳಿಯಲಿಕ್ಕೆ ಶುರುವಾಗಿತ್ತು. ಮೋಹಿನಿ ಅಂದರೆ ನನ್ನ ತಂಗಿಯ ಮಗಳು, ಬೇರೆ ಯಾರೂ ಅಲ್ಲ. ಸೊಂಟದಲ್ಲಿ ಅವಳ ಮಗು ಅಕ್ಷಿತಾ, ಮೂರು ವರ್ಷದ್ದು. ಅಜೆಕಾರಿನ ಪೇಟೆಯಿಂದ ಒಳಗೆ ಹೋಗುವ ಮಣ್ಣಿನ ದಾರಿ ಅದು. ಆಚೆ ಗದ್ದೆ, ಈಚೆ ಗೇರುಗುಡ್ಡೆ. ನಡುವೆ ಒಂದು ಹಾಳುಬಾವಿ. ಕಟ್ಟೆ ಒಂದು ಕಡೆ ಜರಿದು ಬಿದ್ದಿದೆ, ಯಾರೂ ನೀರು ಸೇದುವುದಿಲ್ಲ. ಆದರೂ ಆ ಹೊತ್ತಿಗೆ ಅಲ್ಲಿ ರಾಟೆ ತಿರುಗಿದ ಹಾಗೆ ಕೇಳುತ್ತದೆ... ಕೀಂ... ಕೀಂ... ಗಾಳಿಗೆ ಇರಬಹುದು. ಇರಬಹುದು ಅಂದೆ, ಅಷ್ಟೆ.

ಅವಳಿಗೆ ಎಂತ ಕೆಲಸ ಅಂತ ಹೇಳದಿದ್ದರೆ ಮುಂದಿನದ್ದು ನಿಮಗೆ ತಿಳಿಯುವುದಿಲ್ಲ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಅಲ್ಲಿ ಯಾರೋ ಟ್ರಸ್ಟಿನವರು ಒಂದು ಸಣ್ಣ ಆಸ್ಪತ್ರೆ ಮಾಡಿದ್ದರು. ಡಾಕ್ಟ್ರು ಇಲ್ಲದ ಆಸ್ಪತ್ರೆ! ನಗಬೇಡಿ. ಡಾಕ್ಟ್ರು ಇರುವುದು ಮಣಿಪಾಲದಲ್ಲಿ. ಇಲ್ಲಿ ಒಂದು ಕೋಣೆ, ಕೋಣೆಯಲ್ಲಿ ದೊಡ್ಡ ಟೀವಿ, ಟೀವಿಯ ತಲೆಯ ಮೇಲೆ ಕ್ಯಾಮೆರಾ. ರೋಗಿ ಇಲ್ಲಿ ಕುರ್ಚಿಯಲ್ಲಿ ಕೂತರೆ ಡಾಕ್ಟ್ರು ಅಲ್ಲಿಂದ ನೋಡುವುದು, ಮಾತಾಡುವುದು. ಎದೆಗೆ ಇಡುವ ಕೊಳವೆಗೂ ವೈರು. ಮೋಹಿನಿ ಇಲ್ಲಿ ಅದನ್ನು ಎದೆಗೆ ಹಿಡಿದರೆ ಡಬ್ ಡಬ್ ಅನ್ನುವುದು ಮಣಿಪಾಲದಲ್ಲಿ ಕೇಳುತ್ತದೆ. ಕಾರ್ಕಳಕ್ಕೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು ಬಸ್ಸು ಹಿಡಿಯುವ ಮುದುಕರಿಗೆ ಎಷ್ಟು ಉಪಕಾರ, ಹೇಳಿ.

ಯಂತ್ರಕ್ಕೆ ತಂಪು ಬೇಕು ಅಂತ ಏಸಿ ಕೂರಿಸಿ, ಆ ಕೋಣೆಯ ಕಿಟಕಿಗೆ ಕಲ್ಲು ಕಟ್ಟಿ ಮುಚ್ಚಿದ್ದರು. ದಪ್ಪ ಬಾಗಿಲು. ಹಾಕಿದರೆ ತನ್ನಷ್ಟಕ್ಕೆ ಲಾಕ್ ಆಗುತ್ತದೆ. ಒಳಗಿನ ಹಿಡಿಕೆ ಮುರಿದು ಎಷ್ಟೋ ದಿನವಾಗಿತ್ತು, ರಿಪೇರಿ ಆಗಿರಲಿಲ್ಲ. ಅದಕ್ಕೆ ವಾಚ್‌ಮನ್ ಶೀನ ಬಾಗಿಲಿಗೆ ಒಂದು ಕೆಂಪುಕಲ್ಲಿನ ತುಂಡು ಅಡ್ಡ ಇಡುತ್ತಿದ್ದ.

ಬಾವಿಯ ಹತ್ತಿರ ಬರುವಾಗ ಅಕ್ಷಿತಾಳ ಕೈಯಲ್ಲಿ ಹುರಿದ ನೆಲಗಡಲೆಯ ಪೊಟ್ಟಣ ಇತ್ತು. ತಿನ್ನುತ್ತಾ, ನಗುತ್ತಾ ಇದ್ದ ಮಗು ಒಮ್ಮೆಲೆ ಕೆಮ್ಮಿತು. ಕೆಮ್ಮಿತು... ಕೆಮ್ಮು ನಿಂತಿತು. ಆಮೇಲೆ ಒಂದು ಸ್ವರ. ಸುಂಯ್... ಸುಂಯ್... ಬಿದಿರಿನ ಸಣ್ಣ ತೂತಿಗೆ ಗಾಳಿ ಊದಿದ ಹಾಗೆ. ತುಟಿಯ ಸುತ್ತ ನೀಲಿ.

"ಅಕ್ಷೂ! ಅಕ್ಷೂ, ಎಂತ ಆಯ್ತು?"

ಸುಂಯ್... ಸುಂಯ್...

ಮೋಹಿನಿ ಸುತ್ತ ನೋಡಿದಳು. ಒಂದು ಜನ ಇಲ್ಲ. ಬಾವಿಯ ಕಟ್ಟೆಗೆ ಒರಗಿ, ಗಂಟಲು ಹರಿಯುವ ಹಾಗೆ ಕೂಗಿದಳು. "ಯಾರಾದರೂ ಬನ್ನಿ! ಯಾರಾದರೂ ಬನ್ನಿ!"

ಅಲ್ಲಿ ತಪ್ಪಿದ್ದು ಅವಳು. ಆ ಹೊತ್ತಿಗೆ, ಬಾವಿಯ ಬದಿಯಲ್ಲಿ, ಕರೆಯುವುದಾದರೆ ಹೆಸರು ಹಿಡಿದು ಕರೆಯಬೇಕು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಶೀನಾ ಅಂದರೆ ಶೀನ ಬರುತ್ತಾನೆ. 'ಯಾರಾದರೂ' ಅಂದರೆ... ಯಾರು ಬರುತ್ತಾರೆ ಅಂತ ನಿಮಗೆ ಗೊತ್ತುಂಟಾ? ಅವಳಿಗೂ ಗೊತ್ತಿದ್ದ ವಿಷಯವೇ. ಆದರೆ ಕೈಯಲ್ಲಿ ಮಗು ಹಾಗೆ ಇರುವಾಗ ಯಾವ ತಾಯಿಗೆ ನೆನಪಾಗುತ್ತದೆ?

ಯಾರೂ ಓ ಅನ್ನಲಿಲ್ಲ. ರಾಟೆಯ ಕೀಂ ಕೀಂ ಮಾತ್ರ ನಿಂತುಹೋಯಿತು.

ಅವಳು ತಿರುಗಿ ಆಸ್ಪತ್ರೆಗೇ ಓಡಿದಳು. ಶೀನ ಜಗಲಿಯಲ್ಲಿ ಇರಲಿಲ್ಲ, ಕುಡಿಯಲಿಕ್ಕೆ ಗಡಂಗಿಗೆ ಹೋಗಿದ್ದ. ಟೀವಿ ಕೋಣೆಯ ಕೀಲಿಕೈ ಅವಳ ಸೆರಗಿನಲ್ಲೇ ಇತ್ತು. ತೆಗೆದಳು, ನುಗ್ಗಿದಳು. ಕಲ್ಲು ಇಡಲಿಕ್ಕೆ ಯಾರಿಗೆ ನೆನಪು? ಹಿಂದಿನಿಂದ ಬಾಗಿಲು ಧಡ್ ಅಂತು. ಕೀಲಿಕೈ ಹೊರಗಿನ ತೂತಿನಲ್ಲೇ ಉಳಿಯಿತು. ಅದೇ ಗಳಿಗೆಗೆ ಕರೆಂಟೂ ಹೋಯಿತು. ಮೂಲೆಯ ಬ್ಯಾಟರಿ ಪೆಟ್ಟಿಗೆ ಕೂಗಲಿಕ್ಕೆ ಶುರು. ಪೀಂಕ್... ಪೀಂಕ್... ಅದು ಕೂಗುವಷ್ಟು ಹೊತ್ತು ಮಾತ್ರ ಟೀವಿಗೂ ಅದರ ಪಕ್ಕದ ಒಂದು ಲೈಟಿಗೂ ಜೀವ.

ಅವಳು ಮಣಿಪಾಲಕ್ಕೆ ಲೈನು ಹಾಕಿದಳು. ಟುಂಯ್... ಟುಂಯ್... ಯಾರೂ ಎತ್ತುವುದಿಲ್ಲ. ಎಲ್ಲರೂ ಮನೆಗೆ ಹೋದ ಹೊತ್ತು. ಟುಂಯ್... ಟುಂಯ್... ಟೀವಿಯಲ್ಲಿ ಬೆಳಕು ಬಂತು. ಲೊರ್ನಾ ಡಾಕ್ಟ್ರು. ಹೆಗಲಿಗೆ ಬ್ಯಾಗು, ಹೊರಟು ನಿಂತವರು.

"ಎಂತ ಮೋಹಿನಿ, ಈ ಹೊತ್ತಿಗೆ?"

"ಮಗುವಿಗೆ ನೆಲಗಡಲೆ ಸಿಕ್ಕಿಕೊಂಡಿದೆ ಡಾಕ್ಟ್ರೇ. ಉಸಿರು..."

"ಹೆದರಬೇಡ. ಎದುರಿಗೆ ತಾ. ಅಳುತ್ತದಾ?"

"ಸ್ವರ ಹೊರಡುವುದಿಲ್ಲ."

"ಕೊಳವೆ ತೆಗೆ. ಎದೆಗೆ ಇಡು."

ಮೋಹಿನಿ ಒಂದು ಕೈಯಲ್ಲಿ ಕೊಸರಾಡುವ ಮಗುವನ್ನು ಹಿಡಿದು, ಇನ್ನೊಂದು ಕೈಯಲ್ಲಿ ವೈರು ಬಿಡಿಸುತ್ತಿದ್ದಾಳೆ. ಆಗ ಡಾಕ್ಟ್ರು ಹೇಳಿದರು, "ನಿನ್ನ ಹಿಂದೆ ನಿಂತವರಿಗೆ ಕೂರಲಿಕ್ಕೆ ಹೇಳು. ಅಡ್ಡ ಆಗ್ತದೆ ನನಗೆ."

ಇಡೀ ದಿನ ರೋಗಿಗಳ ಜೊತೆ ಇದ್ದ ಬಾಯಿ ನೋಡಿ ಅದು. ತಿರುಗಿ ನೋಡದೆ, ಅಭ್ಯಾಸಬಲದಿಂದ, ಎಲ್ಲ ಮುದುಕರಿಗೆ ತುಳುವಿನಲ್ಲಿ ಹೇಳುವ ಹಾಗೆಯೇ ಹೇಳಿಬಿಟ್ಟಳು. "ಕುಳ್ಳುಲೆ ಅಜ್ಜೀ, ಕುಳ್ಳುಲೆ." ಕೂತುಕೊಳ್ಳಿ ಅಂತ.

ಹಿಂದೆ ಪ್ಲಾಸ್ಟಿಕ್ ಕುರ್ಚಿ ಕಿರ್... ಅಂತು.

ಆಗ ಅವಳ ಕೈ ನಿಂತಿತು. ತಾನು ಒಬ್ಬಳೇ ಬಂದದ್ದಲ್ವಾ?

ನಿಧಾನ ತಿರುಗಿದಳು. ಕುರ್ಚಿ ಖಾಲಿ. ಆದರೆ ಅದರ ನಾಲ್ಕು ಕಾಲೂ ಸ್ವಲ್ಪ ಅಗಲಕ್ಕೆ ಸರಿದಿದ್ದವು. ಭಾರದವರು ಕೂತಾಗ ಸರಿಯುತ್ತವಲ್ಲ, ಹಾಗೆ.

"ಡಾಕ್ಟ್ರೇ..." ಕುರ್ಚಿಯಿಂದ ಕಣ್ಣು ತೆಗೆಯದೆ ಅಂದಳು. "ಇಲ್ಲಿ ಯಾರೂ ಇಲ್ಲ."

"ಅಜ್ಜಿ ಕೂತಿದ್ದಾರಲ್ಲ ಮಾರಾಯ್ತಿ! ಬಿಳೀ ತಲೆ, ಕಿವಿಯಲ್ಲಿ ದೊಡ್ಡ ತೂತು, ಬಾಯಿ ತುಂಬ ಎಲೆಯಡಿಕೆ. ನಿನ್ನ ಅತ್ತೆಯಾ?"

ಅವಳ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು, ಅದೂ ಮುಂಬಯಿಯಲ್ಲಿ. ತಲೆ ಪೂರ್ತಿ ಕಪ್ಪಿತ್ತು ಪಾಪ.

ಮೋಹಿನಿ ಮಗುವನ್ನು ಅಪ್ಪಿಕೊಂಡು ಬಾಗಿಲಿಗೆ ಓಡಿದಳು. ಹಿಡಿಕೆ ಇಲ್ಲ. ಮುರಿದ ಕಬ್ಬಿಣದ ಮೊಳೆ ಮಾತ್ರ. ಅದನ್ನೇ ತಿರುಗಿಸಿದಳು, ಉಗುರು ಕಿತ್ತುಹೋಯಿತು. ಬಡಿದಳು. ಡಬ್ ಡಬ್ ಡಬ್. "ಶೀನಣ್ಣಾ! ಬಾಗಿಲು ತೆಗೆ ಶೀನಣ್ಣಾ!" ಈಗ ಹೆಸರು ಹಿಡಿದೇ ಕೂಗಿದಳು, ಆದರೆ ಆ ದಪ್ಪ ಬಾಗಿಲಿನ ಆಚೆಗೆ ಯಾರಿಗೆ ಕೇಳಬೇಕು?

"ಎಲ್ಲಿಗೆ ಹೋಗ್ತೀ? ನನಗೆ ಮಗು ಕಾಣುವುದಿಲ್ಲ!" ಡಾಕ್ಟ್ರು ಟೀವಿಯಿಂದ ಕೂಗುತ್ತಿದ್ದಾರೆ.

"ಬಾಗಿಲು ಲಾಕ್ ಆಗಿದೆ ಡಾಕ್ಟ್ರೇ! ತೆಗೆಸಿ ಡಾಕ್ಟ್ರೇ!"

ಅವರು ಅಲ್ಲಿಂದ ಫೋನು ಮಾಡಿದರು. ಆಫೀಸಿನ ಫೋನು ಬಾಗಿಲಿನ ಆಚೆ ಹೊಡೆದುಕೊಂಡಿತು. ಟ್ರಿಣ್... ಟ್ರಿಣ್... ಕೇಳುತ್ತದೆ, ಎತ್ತುವವರಿಲ್ಲ. ನೋಡಿ ಅದರ ವಿಚಿತ್ರ. ಮಣಿಪಾಲದವರಿಗೆ ಮಗುವಿನ ತುಟಿಯ ನೀಲಿ ಕಾಣುತ್ತದೆ, ಒಂದು ಬಾಗಿಲು ತೆಗೆಯಲಿಕ್ಕೆ ಆಗುವುದಿಲ್ಲ. ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಒಳಗೆ ಆ ಕುರ್ಚಿ.

ಸುಂಯ್ ಅನ್ನುವುದು ಸಣ್ಣದಾಗುತ್ತಾ ಬಂತು.

ಅವಳು ಕ್ಯಾಮೆರಾದ ಎದುರಿಗೇ ಬಂದಳು. ಬರದೆ ಎಂತ ಮಾಡುವುದು? ಮಗುವನ್ನು ಮೇಜಿನ ಮೇಲೆ ಮಲಗಿಸಲಿಕ್ಕೆ ಹೋದಳು.

"ಮಲಗಿಸಬೇಡ! ಮಲಗಿಸಿದರೆ ಉಸಿರು ನಿಲ್ಲುತ್ತದೆ. ನೆಟ್ಟಗೆ ಕೂರಿಸಬೇಕು. ಕೊಸರಬಾರದು."

"ನನ್ನ ಕೈ ನಿಲ್ಲುವುದಿಲ್ಲ ಡಾಕ್ಟ್ರೇ. ನಡುಗ್ತದೆ..."

"ಹಾಗಾದರೆ ಅಜ್ಜಿಯ ಮಡಿಲಲ್ಲಿ ಕೂರಿಸು."

ಮೋಹಿನಿ ಅಲ್ಲಾಡಲಿಲ್ಲ.

"ಎಂತ ನೋಡ್ತೀ? ಅವರು ಕೈ ಚಾಚಿದ್ದಾರಲ್ಲ. ಕೊಡು."

ಪೀಂಕ್ ಪೀಂಕ್ ಪೀಂಕ್... ಬ್ಯಾಟರಿ ಬೇಗ ಬೇಗ ಕೂಗಲಿಕ್ಕೆ ಶುರು ಮಾಡಿತ್ತು. ಮಗುವಿನ ಕಣ್ಣು ಮೇಲೆ ಹೋಗುತ್ತಿತ್ತು. ನೀವಾಗಿದ್ದರೆ ಎಂತ ಮಾಡುತ್ತಿದ್ದಿರಿ? ನಾನಾಗಿದ್ದರೆ... ನನಗೆ ಗೊತ್ತಿಲ್ಲ. ಮೋಹಿನಿ ಕಣ್ಣು ಮುಚ್ಚಿದಳು. ಹೆತ್ತ ಮಗುವನ್ನು ಆ ಖಾಲಿ ಕುರ್ಚಿಯ ಮೇಲೆ ಹಿಡಿದು, ಪಿಸುಗುಟ್ಟಿದಳು. "ಅಜ್ಜೀ... ನನಗೆ ಇದು ಒಂದೇ."

ಕೈಯ ಭಾರ ಇಳಿಯಿತು.

ಕಣ್ಣು ತೆರೆದಾಗ ಅಕ್ಷಿತಾ ನೆಟ್ಟಗೆ ಕೂತಿದ್ದಳು. ಕುರ್ಚಿಗೆ ತಾಗಿ ಅಲ್ಲ. ಅದಕ್ಕಿಂತ ಒಂದು ಗೇಣು ಮೇಲೆ. ಬೆನ್ನು ಹಿಂದಕ್ಕೆ ಒರಗಿದೆ, ಹಿಂದೆ ಎಂತದೂ ಇಲ್ಲ. ಕೊಸರಾಟ ನಿಂತಿತ್ತು.

"ಹಾ, ಸರಿ," ಅಂದರು ಡಾಕ್ಟ್ರು. "ಚೆಂದ ಹಿಡಿದಿದ್ದಾರೆ. ಕೊಳವೆ ಇಡು. ಎಡಕ್ಕೆ... ಈಗ ಬಲಕ್ಕೆ... ಬಲಬದಿಗೆ ಗಾಳಿ ಹೋಗುವುದೇ ಇಲ್ಲ. ಕಡಲೆ ಅಲ್ಲಿ ಕೂತಿದೆ. ಕೇಳು ಮೋಹಿನಿ, ಬೆನ್ನಿಗೆ ಗುದ್ದಬೇಡ. ಬಾಯಿಗೆ ಬೆರಳು ಹಾಕಬೇಡ. ನೀರು ಕೊಡಬೇಡ. ಹೀಗೇ ಕೂತಿರಲಿ. ನಿಮ್ಮ ಪೇಟೆಯ ಜೀಪಿನ ಮೌರಿಸನಿಗೆ ಫೋನು ಮಾಡುತ್ತೇನೆ, ಅವನು ಬಾಗಿಲು ತೆಗೆಯುತ್ತಾನೆ. ಇಲ್ಲಿ ನಾವು ಗಂಟಲಿಗೆ ಕೊಳವೆ ಇಳಿಸಿ ತೆಗೆಯು..."

ಟಪ್.

ಟೀವಿ ಹೋಯಿತು. ಬ್ಯಾಟರಿಯೂ ಹೋಯಿತು.

ಕಿಟಕಿ ಇಲ್ಲದ ಕೋಣೆ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಮೋಹಿನಿ ಗೋಡೆಗೆ ಬೆನ್ನು ಒತ್ತಿ ನಿಂತಳು. ಕೂಗು ಹೊರಗೆ ಬಾರದ ಹಾಗೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಕೂಗಿದರೆ ಮಗು ಬೆಚ್ಚುತ್ತದೆ. ಸುಂಯ್... ಸುಂಯ್... ಅದು ಕೇಳುವಷ್ಟು ಹೊತ್ತು ಮಗು ಉಂಟು. ಅದರ ಕೆಳಗೆ ಇನ್ನೊಂದು ಕೇಳಿತು.

ತಪ್... ತಪ್... ತಪ್...

ಮಗುವಿನ ತೊಡೆ ತಟ್ಟಿ ಮಲಗಿಸುತ್ತೇವಲ್ಲ ನಾವು, ಅದೇ ತಟ್ಟು. ಅವಸರ ಇಲ್ಲ. ಮಗುವಿನ ಉಸಿರು ಆ ತಟ್ಟಿನ ಜೊತೆಗೆ ನಡೆಯಲಿಕ್ಕೆ ಶುರುವಾಯಿತು. ತಪ್... ಸುಂಯ್... ತಪ್... ಸುಂಯ್...

ಎಷ್ಟು ಹೊತ್ತು ಅಂತ ಕೇಳಬೇಡಿ. ಅವಳೂ ಹೇಳಲಿಲ್ಲ. ಒಮ್ಮೆ ಹೇಳಿದ್ದು ಇಷ್ಟೇ: "ದೊಡ್ಡಮ್ಮ, ಆ ತಟ್ಟು ನಿಂತರೆ ಎಂತ ಗತಿ ಅಂತ ಹೆದರಿದೆ. ನಿಲ್ಲದಿದ್ದರೆ ಎಂತ ಗತಿ ಅಂತಲೂ ಹೆದರಿದೆ."

ಕೊನೆಗೆ ಜೀಪಿನ ಸದ್ದು. ಕೀಲಿಕೈ ಟಕ್ ಅಂತು. ಟಾರ್ಚಿನ ಬೆಳಕು. "ದೇವರೇ! ಮಗುವನ್ನು ಒಂಟಿಯಾಗಿ ಕುರ್ಚಿಯಲ್ಲಿ ಬಿಟ್ಟು ಗೋಡೆಗೆ ನಿಂತಿದ್ದೀಯಾ? ನಿನಗೆ ಬುದ್ಧಿ ಉಂಟಾ?" ಮೌರಿಸನಿಗೆ ಕಂಡದ್ದು ಅಷ್ಟೆ.

ಮೋಹಿನಿ ಕುರ್ಚಿಯ ಎದುರು ಬಗ್ಗಿದಳು. "ಕೊಡಿ ಅಜ್ಜೀ," ಅಂದಳು, ಮೆಲ್ಲ.

ಮಗು ಕೈಗೆ ಬರಲಿಲ್ಲ. ಒಂದು ಗಳಿಗೆ, ಹಿಡಿದುಕೊಂಡ ಹಾಗೆ ಇತ್ತು.

"ಕೊಡಿ... ನನ್ನದು."

ಬಂತು.

ಜೀಪಿನಲ್ಲಿ ಅವಳು ಮುಂದೆ ಮೌರಿಸನ ಪಕ್ಕ ಕೂತಳು, ಮಗುವನ್ನು ನೆಟ್ಟಗೆ ಎದೆಗೆ ಒರಗಿಸಿಕೊಂಡು. ಹಿಂದಿನ ಸೀಟಿಗೆ ತಿರುಗಿ ನೋಡಲಿಲ್ಲ. ಮಣಿಪಾಲ ಮುಟ್ಟುವವರೆಗೆ ಮಗುವಿನ ಉಸಿರಿನ ತಾಳ ತಪ್ಪಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಲೊರ್ನಾ ಡಾಕ್ಟ್ರೇ ನಿಂತಿದ್ದರು. ಒಳಗೆ ಕೊಂಡುಹೋಗಿ ಕಡಲೆ ತೆಗೆದರು, ಅರ್ಧ ಬೀಜ. ಮಗು ಅತ್ತಿತು. ಜೋರಾಗಿ ಅತ್ತಿತು. ಆ ಅಳು ಕೇಳಿ ಮೋಹಿನಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಜ್ಜಿ ಎಲ್ಲಿ?" ಕೇಳಿದರು ಡಾಕ್ಟ್ರು. "ಅವರು ಹಾಗೆ ಹಿಡಿಯದಿದ್ದರೆ ಈ ಮಗು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಯಾರವರು?"

ಮೋಹಿನಿ ಹೇಳಿದಳು, "ಗೊತ್ತಿಲ್ಲ ಡಾಕ್ಟ್ರೇ. ನಾನು ಕರೆದೆ. ಬಂದರು."



ಇದು ಬಾಯಿಗೆ ಬಂದ ಹಾಗೆ ಕಟ್ಟಿದ್ದಲ್ಲ. ಅಕ್ಷಿತಾ ಈಗ ಕಾಲೇಜಿಗೆ ಹೋಗುವ ಹುಡುಗಿ, ಬೇಕಾದರೆ ಹೋಗಿ ಕೇಳಿ. ಮರುದಿನ ಬೆಳಿಗ್ಗೆ ಮಗುವನ್ನು ನೋಡಲಿಕ್ಕೆ ನಾನು ಮಣಿಪಾಲಕ್ಕೆ ಹೋದೆ. ಮೌರಿಸ್ ಹೊರಗೆ ಬಕೆಟು ಹಿಡಿದು ಜೀಪು ತೊಳೆಯುತ್ತಾ ಬೈಯುತ್ತಿದ್ದ. ಅವನು ವೀಳ್ಯ ಹಾಕುವವನಲ್ಲ, ಮೋಹಿನಿಗೂ ಆ ಅಭ್ಯಾಸ ಇಲ್ಲ. ಹಿಂದಿನ ಸೀಟಿನ ಕಿಟಕಿಯ ಕೆಳಗೆ, ಬಾಗಿಲಿನ ಹೊರಮೈಗೆ, ಓಡುವ ಜೀಪಿನಿಂದ ಉಗಿದ ಎಲೆಯಡಿಕೆಯ ಕೆಂಪು ಗೀರು ಉದ್ದಕ್ಕೆ ಹರಿದಿತ್ತು. ಇನ್ನೂ ಹಸಿ ಇತ್ತು. ನಾನೇ ನೋಡಿದ್ದೇನೆ.