ಮೂರನೇ ಕರೆ ಬರಲಿಲ್ಲ

ನಮ್ಮ ಓಣಿಯ ಭೀಮಾಶಂಕರನಿಗೆ ಆದದ್ದು ಇದು. ಮಹಾರಾಷ್ಟ್ರದ ಉದಗೀರದ ಒಂದು ಬೇಳೆ ಮಿಲ್ಲಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಅವನದು. ಅವತ್ತು ರಾತ್ರಿ ಹಾಳುಬಾವಿಯ ದಾರಿ ಹಿಡಿದು ಮನೆಗೆ ಹೊರಟಿದ್ದ. ತಲೆಯ ತುಂಬ ಸಂಶಯ.

ಕೆಲ ದಿನಗಳಿಂದ ಯಾರೋ ಸರ್ವರಿನೊಳಗೆ ಬಂದು ಕೈಯಾಡಿಸಿ ಹೋಗುತ್ತಿದ್ದರು. ಪಾಸ್‌ವರ್ಡ್ ಗೊತ್ತಿದ್ದದ್ದು ಇವನಿಗೆ, ಜೊತೆಗೆ ಕೆಲಸ ಮಾಡುವ ಮೀನಲಳಿಗೆ, ಅಷ್ಟೇ. "ಆಕಿನೇ ಇರಬೇಕ್ರೀ" ಎಂದು ಸಂಜೆ ಮಾಲೀಕರ ಕಿವಿಗೆ ಹಾಕಿಯೇ ಬಂದಿದ್ದ ಮಹಾನುಭಾವ. ಬೆಳಗಾದರೆ ಅವಳ ಕೆಲಸ ಹೋಗುತ್ತಿತ್ತು, ಮೇಲೆ ಕಳ್ಳಿ ಎಂಬ ಹೆಸರು ಬೇರೆ.

ಒಂದು ಮಾತು ಮಾತ್ರ ನುಂಗಿಕೊಂಡಿದ್ದ. ಸರ್ವರ್ ನಡೆಸುವ ಸಾಫ್ಟ್‌ವೇರಿನಲ್ಲಿ ಯಂತ್ರದ ಹೆಸರು ಬರೆಯಲು ಒಂದು ಖಾನೆ ಇತ್ತು. ಹೆಸರಿನ ಬೆನ್ನಿಗೆ ಒಂದು ಹುಕುಂ ಸೇರಿಸಿ ಬರೆದರೆ ಸಾಕು, ಯಾರು ನೀನು ಅಂತ ಕೇಳದೆ ಸರ್ವರ್ ಪಾಲಿಸುತ್ತಿತ್ತು. ಪಾಸ್‌ವರ್ಡೂ ಬೇಕಿರಲಿಲ್ಲ. ಆ ತೂತು ಮುಚ್ಚುವ ಅಪ್‌ಡೇಟ್ ಎಂದೋ ಬಂದಿತ್ತು. ತೊಗರಿ ಸುಗ್ಗಿ ಮುಗಿಯಲಿ ಎಂದು ಇವನೇ ಮುಂದೂಡಿದ್ದ.

ಬಾವಿಯ ರಾಟೆ ಕಿರ್ರ್... ಅಂದಿತು. ಹಗ್ಗವಿಲ್ಲದ ರಾಟೆ.

"ಭೀಮೂಅಣ್ಣಾ..."

ಮೀನಲಳ ದನಿ! ರಾತ್ರಿ ಮೂರು ಸಲ ಕರೆಯುವ ತನಕ ಓಗೊಡಬಾರದು, ದೆವ್ವದ ಕರೆ ಎರಡಕ್ಕೇ ನಿಲ್ಲುತ್ತದೆ ಅಂತ ಅಜ್ಜಿ ಶಿವಗಂಗಾಬಾಯಿ ಹೇಳುತ್ತಿದ್ದಳು. ಹೆಜ್ಜೆ ಜೋರು ಮಾಡಿದ.

"ಭೀಮೂಅಣ್ಣಾ..."

ತಪ್ಪು ಮಾಡಿದ ಜೀವ, ತಡೆಯಲಿಲ್ಲ. "ಓ" ಅಂದುಬಿಟ್ಟ.

ಕಿವಿಗೆ ತಾಗಿದಂತೆ ಪಿಸುಮಾತು... "ಯಾರಂತ ಕೇಳಲಾರದೇ ಓ ಅಂದ್ಯಲ್ಲ?"

ತಿರುಗಿದರೆ ಯಾರೂ ಇಲ್ಲ. ಮೀನಲಳಿಗೆ ಫೋನ್ ಹಚ್ಚಿದ.

"ನಾ ಸಾಸ್ತೂರಾಗ ಅವ್ವನ ಮನ್ಯಾಗ ಮಲಗೀನಿ. ಯಾಕ ಅಣ್ಣಾ?" ಅಂದಳು.

ಯಾರು ಅಂತ ಕೇಳದೆ ಓಗೊಟ್ಟದ್ದು ತಾನೊಬ್ಬನೇ ಅಲ್ಲ, ಮಿಲ್ಲಿನ ಸರ್ವರೂ ಹಾಗೇ ಎಂದು ಇವನಿಗೆ ಆಗ ಹೊಳೆಯಿತು. ಬಿದ್ದೆನೋ ಎದ್ದೆನೋ ಎಂದು ಮಿಲ್ಲಿಗೆ ಓಡಿದ. ಹೊರಗಿನಿಂದ ಬರುವ ಇಂಟರ್‌ನೆಟ್ ಕೇಬಲ್ ಕಿತ್ತು ಕೈಗೆ ಸುತ್ತಿಕೊಂಡ. ಅಲ್ಲಿಂದಲೇ ಮಾಲೀಕರನ್ನು ಫೋನಿನಲ್ಲಿ ಎಬ್ಬಿಸಿದ.

"ಮೀನಲಂದೇನೂ ತಪ್ಪಿಲ್ರೀ. ಬಾಗಲಾ ತೆರದಿಟ್ಟಂವಾ ನಾನೇ."

ಆಗ ಬೆನ್ನ ಹಿಂದೆ... ಟಕ್. ಟಕ್. ಟಕ್. ಕೀಲಿಮಣೆಯ ಸದ್ದು. ಕೋಣೆಯಲ್ಲಿ ಇವನೊಬ್ಬನೇ. ತಿರುಗಿ ನೋಡುವ ಧೈರ್ಯವಾಗದೆ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿದ.

ಕೆಲಸ ಹೋದದ್ದು ಇವನದು. ಮೀನಲ ಈಗಲೂ ಅಲ್ಲೇ ಇದ್ದಾಳೆ. ನಂಬದಿದ್ದರೆ ಹೋಗಿ ಕೇಳಿ. ಮರುದಿನ ಬೀಗ ತೆಗೆದವಳು ಅವಳೇ. ಯಂತ್ರದ ಹೆಸರಿನ ಆ ಖಾನೆಯಲ್ಲಿ 'ಭೀಮೂಅಣ್ಣಾ ಭೀಮೂಅಣ್ಣಾ' ಅಂತ ಕನ್ನಡದಲ್ಲಿ ಬರೆದಿತ್ತು. ಆ ಯಂತ್ರದಲ್ಲಿ ಇದ್ದದ್ದು ಇಂಗ್ಲಿಷು, ಮರಾಠಿ, ಅಷ್ಟೇ. ಕನ್ನಡದ ಅಕ್ಷರ ಯಾರೂ ಹಾಕಿಸಿರಲೇ ಇಲ್ಲ.