ನಾಲ್ಕು ಗಂಟೆಯ ವಿಧವೆ

ಕ್ರೀಟ್ ದ್ವೀಪದ ಕಡಲೂರಿನಲ್ಲಿ ಔಷಧಿ ಅಂಗಡಿಯ ಮುಂದೆ ಸರದಿ ಸಾಲು. ಅಥೆನ್ಸಿನಿಂದ ಬಂದಿದ್ದ ಸ್ಟಮಾಟಿಯಾ, ಅಲ್ಲಿನ ವಿಧವೆಯರಂತೆ ಕಪ್ಪು ತೊಟ್ಟ ಹಳೆಯ ಗೆಳತಿಯನ್ನು ಕಂಡು ಎದೆ ಹಿಡಿದುಕೊಂಡದ್ದು ಸಾಲಿನಲ್ಲಿ ಹಿಂದೆ ನಿಂತಿದ್ದ ಊರಿನ ಹೆಂಗಸು ಫೋಟಿನಿಗೆ ಕಾಣಿಸಿತು.

“ಅಯ್ಯೋ ಅರ್ಗಿರೋ, ನಿನ್ನ ಗಂಡ ಯಾವಾಗ ಹೋದ್ನೇ?”

“ಬಿಡ್ತು ಅನ್ನೇ! ಮನೇಲಿದಾರೆ. ಈ ಕಪ್ಪು ಪ್ರವಾಸಿ ಬಸ್ಸಿನವರಿಗೆ. ‘ಬಾಗಿಲಲ್ಲಿ ಕೂತು ಲೇಸು ಹೆಣೆಯೋ ವಿಧವೆ’ ಅಂತ ಗೈಡು ತೋರಿಸ್ತಾನೆ. ವಿಧವೆ ಅಂದ್ರೇನೇ ಲೇಸು ಖರ್ಚಾಗೋದು.”

“ಆಗ ಅವನೆಲ್ಲಿರ್ತಾನೆ?”

“ಹಿತ್ತಲಲ್ಲಿ. ಬಸ್ಸು ಹೋಗೋವರೆಗೂ ಕೆಮ್ಮು ತಡ್ಕೋಬೇಕು, ಪಾಪ. ಅದಕ್ಕೇ ಸಿರಪ್ಪು ತಗೊಳ್ಳೋಕೆ ಬಂದೆ.”

“ಬೈಯಲ್ವಾ?”

“ಬೈದೂ ಬೈದೂ ಅವರಿಗೂ ಸಾಕಾಗಿದೆ. ‘ನಾನು ನಿಜವಾಗ್ಲೂ ಹೋದ ದಿನ ಕೆಂಪು ಹಾಕ್ಕೋ, ಇಲ್ದಿದ್ರೆ ಊರಿಗೆ ಗೊತ್ತಾಗೋದು ಹೇಗೆ?’ ಅಂತಾರೆ ಈಗ.”

ತಿರುವಿನಲ್ಲಿ ನಾಲ್ಕು ಗಂಟೆಯ ಬಸ್ಸಿನ ಹಾರ್ನು ಕೇಳಿಸಿತು. ಅರ್ಗಿರೋ ನಿಟ್ಟುಸಿರಿಟ್ಟು ತಲೆವಸ್ತ್ರ ಬಿಗಿದುಕೊಂಡಳು. ಸಿರಪ್ಪು ತೆಗೆದುಕೊಳ್ಳದೆಯೇ ಮನೆಯ ಕಡೆ ಕಾಲೆಳೆದಳು.