ಅಕ್ಕ ನನ್ನ ಬಲಕ್ಕೆ ಕೂರೋಳು

ಹೋದ ಏಪ್ರಿಲ್ಲಿನ ಮಾತು. ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಚಿಕ್ಕಪ್ಪನ ಮಗ ಮನೋಹರ್ ಚಾಮರಾಜಪೇಟೆಯಿಂದ ಮಾವಳ್ಳಿಗೆ ನಡ್ಕೊಂಡೇ ಬರ್ತಿದ್ದ. ಸ್ಕೂಟರ್ ಇರಲಿಲ್ಲವಾ? ಇತ್ತು. ಕೆಲಸಕ್ಕೆ ಹೋಗಿದ್ದ ಮನೆಯ ಗೇಟಿನ ಮುಂದೇ ಬಿಟ್ಟು ಬಂದಿದ್ದ... ಮರೆತು.

ದಾರೀಲಿ ಕಂಬಿ ಹಾಕಿ ಮುಚ್ಚಿರೋ ಬಾವಿ ಇದೆಯಲ್ಲ, ಆಲದ ಮರದ ಪಕ್ಕ... ಅಲ್ಲಿಗೆ ಬಂದಾಗ ಮುಖ ಒರೆಸ್ಕೊಳ್ಳೋಣ ಅಂತ ಕರ್ಚೀಫಿಗೆ ಜೇಬಿಗೆ ಕೈ ಹಾಕಿದ. ಬೇರೇನೋ ಕೈಗೆ ಸಿಕ್ತು. ಅಲ್ಲೇ ಬಾವಿಕಟ್ಟೆ ಮೇಲೆ ಕೂತ್ಬಿಟ್ಟ.

ಏನು ಸಿಕ್ತು ಅಂತ ಆಮೇಲೆ ಹೇಳ್ತೀನಿ. ಆತುರ ಬೇಡ.

ಮನೋಹರನ ಕೆಲಸ ಮನೆಮನೆಗೆ ಹೋಗಿ ಹೋಮ್ ಥಿಯೇಟರ್ ಕೂರಿಸೋದು. ದೆವ್ವ ಅಂದ್ರೆ ನಗೋನು. "ಅರ್ಥಿಂಗ್ ಸರಿ ಇಲ್ದೇ ಇರೋದಕ್ಕೆಲ್ಲ ಜನ ದೆವ್ವ ಅಂತಾರೆ ಮಗಾ" ಅಂತ ನನಗೇ ಎಷ್ಟೋ ಸಲ ಹೇಳಿದಾನೆ.

ಆವತ್ತು ಅವನು ಹೋಗಿದ್ದು ಗೋದಾ ಅವರ ಮನೆಗೆ. ಗೋದಾ, ಅವರ ಅಕ್ಕ ಶೈಲಜಮ್ಮ... ಇಬ್ಬರೂ ಜೋಡಿ ಹಾಡ್ತಿದ್ದವರು. ಮೂವತ್ತು ವರ್ಷ. ವರ್ಷದ ಹಿಂದೆ ರಾಮನವಮಿ ಪೆಂಡಾಲಿನಲ್ಲಿ, ಕಚೇರಿ ನಡುವೆ, ಶೈಲಜಮ್ಮ ಇದ್ದಕ್ಕಿದ್ದಂತೆ ಹಾಡೋದು ನಿಲ್ಲಿಸಿ ಏನೋ ಪಿಸುಗುಟ್ಟಿದರು. ಗೋದಾ ತಿರುಗಿ ನೋಡಲಿಲ್ಲ. ಮಧ್ಯಾಹ್ನವಷ್ಟೇ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. "ಮೇಲಕ್ಕೆ ಹೋದ್ರೆ ನಿನ್ನ ಗಂಟಲು ಒಡೆಯುತ್ತೆ, ಅಲ್ಲಿ ಸುಮ್ನಿರು" ಅಂದುಬಿಟ್ಟಿದ್ದರು ಗೋದಾ. ಅದಕ್ಕೇ ಮುನಿಸಿಕೊಂಡು ನಿಲ್ಲಿಸಿದಾಳೆ ಅಂದ್ಕೊಂಡು, ಹಟಕ್ಕೆ ಬಿದ್ದು ಹನ್ನೊಂದು ನಿಮಿಷ ಒಬ್ಬರೇ ಹಾಡಿದರು. ಹಾಡು ಮುಗಿದಾಗ ಶೈಲಜಮ್ಮ ಪಕ್ಕಕ್ಕೆ ಒರಗಿದ್ದರು. ಆಸ್ಪತ್ರೆ ತಲುಪಲಿಲ್ಲ.

ಅಕ್ಕ ಏನು ಹೇಳಿದಳು? ವರ್ಷವೆಲ್ಲ ಗೋದಾ ಅವರಿಗೆ ಇದೊಂದೇ ಕೊರಗು. ಪೆಂಡಾಲಿನವರ ರೆಕಾರ್ಡಿಂಗ್ ಇತ್ತು, ಇಬ್ಬರಿಗೂ ಬೇರೆಬೇರೆ ಮೈಕು. ಆದರೆ ಗೋದಾ ಅವರ ಯಜಮಾನರು ಕ್ರಿಕೆಟ್ಟಿಗೆ ಅಂತ ತಂದಿದ್ದ ಐದು ಸ್ಪೀಕರಿನ ಸೆಟ್ಟಿನಲ್ಲಿ ಹಾಕಿದರೆ ಎಲ್ಲ ಕಲಸುಮೇಲೋಗರ. ಬಚ್ಚಲಲ್ಲಿ ಕೂತು ಹಾಡಿದ ಹಾಗೆ ದನಿ ಬೆನ್ನ ಹಿಂದಿಂದಲೂ ಬರ್ತಿತ್ತು.

ಯಜಮಾನರು ಒಳಗೆ ಮಲಗಿದ್ದರು. ಹಾಗಾಗಿ ಇವರಿಬ್ಬರದ್ದೂ ಪಿಸುಮಾತೇ, ಸೆಟ್ಟಿನದೂ ಸಣ್ಣ ದನಿ.

"ಸಿನಿಮಾಕ್ಕೆ ಐದು ಬೇಕಮ್ಮ. ಹಾಡಿಗೆ ಎರಡೇ ಸಾಕು," ಅಂದ ಮನೋಹರ್.

ಹಿಂದಿನ ಎರಡು, ನಡುವಿನದೊಂದು ಆಫ್ ಮಾಡಿದ. ಆಂಪ್ಲಿಫಯರನ್ನ ಸ್ಟೀರಿಯೋಗೆ ತಿರುಗಿಸಿದ, ಅಂದ್ರೆ ಎಡಕ್ಕೊಂದು ದನಿ, ಬಲಕ್ಕೊಂದು. ಶೋಕೇಸಿನ ತಲೆ ಮೇಲಿದ್ದ ಎರಡನ್ನೂ ಇಳಿಸಿ ಸ್ಟೂಲಿನ ಮೇಲಿಟ್ಟ, ಕೂತವರ ಕಿವಿಯ ಎತ್ತರಕ್ಕೆ. ಟೇಪು ಹಿಡಿದು ಅಳೆದ. ಎರಡರ ನಡುವೆ ಆರಡಿ, ಒಂದೊಂದರಿಂದ ಕುರ್ಚಿಗೂ ಆರಡಿ. ಮುಖ ಸ್ವಲ್ಪ ಕುರ್ಚಿ ಕಡೆಗೆ.

ಹಾಕಿದ. ಎಡಗಡೆಯಿಂದ ಶೈಲಜಮ್ಮ. ಬಲಗಡೆಯಿಂದ ಗೋದಾ. ನಟ್ಟನಡುವೆ, ಸ್ಪೀಕರೇ ಇಲ್ಲದ ಜಾಗದಲ್ಲಿ, ಶ್ರುತಿಪೆಟ್ಟಿಗೆ ಝುಂ... ಅಂತಿತ್ತು. ಅದು ದೆವ್ವ ಅಲ್ಲ. ಸ್ಟೀರಿಯೋ ಅಂದ್ರೆ ಹಾಗೇ.

ಶೈಲಜಮ್ಮ ಹಾಡು ನಿಲ್ಲಿಸಿದ ಜಾಗ ಬಂತು. ಎಡಗಡೆಯ ದನಿ ಕಟ್ ಅಂತ ನಿಂತಿತು. ಬಳೆ ಕಿಣ್ ಅಂತು. ರೇಷ್ಮೆ ಸೀರೆ ಸರಸರ ಅಂತು. ಒಂದು ಗಟ್ಟಿ ಉಸಿರು... ಆಮೇಲೆ, ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟವಾಗಿ:

"ಗೋದೂ... ಎದೆ ಹಿಡ್ಕೊಂಡಿದೆ ಕಣೇ. ಸ್ವಲ್ಪ ನಿಲ್ಸೇ..."

ಬಲಗಡೆಯಿಂದ ತಂಗಿಯ ಹಾಡು ಇನ್ನೂ ಜೋರಾಯ್ತು.

ಗೋದಾ ಸೆರಗನ್ನ ಬಾಯಿಗೆ ತುರುಕಿಕೊಂಡು ಅತ್ತರು. ಸದ್ದಿಲ್ಲದ ಅಳು. ಮನೋಹರ್ ಹಾಡು ನಿಲ್ಲಿಸಿ, ಅಳತೆ ಟೇಪು ಸುತ್ತುತ್ತಾ ನಿಂತಿದ್ದ. ಇನ್ನೇನು ಮಾಡ್ತಾನೆ ಪಾಪ.

ಕಣ್ಣು ಒರೆಸ್ಕೊಂಡು ಅವರು ಅಂದರು, "ಇದು ಕೆಳಗೆ ಕೂತು ಕೇಳೋರಿಗೆ ಕೇಳ್ಸೋ ತರ ಇದೆ ಕಣಪ್ಪ. ವೇದಿಕೆ ಮೇಲೆ ಅಕ್ಕ ನನ್ನ ಬಲಕ್ಕೆ ಕೂರೋಳು. ಅವಳನ್ನ ಬಲಕ್ಕೆ ಹಾಕು."

"ಆಯ್ತಮ್ಮ. ವೈರ್ ಅದಲುಬದಲು ಮಾಡಿದ್ರೆ ಆಯ್ತು."

ಆಂಪಿನ ಹಿಂದೆ ಬಗ್ಗಿದ. ಎರಡನ್ನೂ ಬಿಚ್ಚಿದ, ಒಂದನ್ನ ಹಾಕಿದ. "ಒಂದ್ನಿಮಿಷ..." ಅನ್ನೋದರೊಳಗೆ ಅವರು ರಿಮೋಟ್ ಒತ್ತಿಬಿಟ್ಟರು. ಬಲಗಡೆಯಿಂದ ಅಕ್ಕನ ದನಿ, ಎಡಗಡೆಯಿಂದ ತಂಗಿಯದು. ಸರಿಯಾಗೇ ಇದೆ ಅಂದ್ಕೊಂಡು ಎದ್ದ.

ಮತ್ತೆ ಆ ಜಾಗ. ಕಿಣ್... ಸರಸರ... "ಗೋದೂ... ಎದೆ ಹಿಡ್ಕೊಂಡಿದೆ ಕಣೇ. ಸ್ವಲ್ಪ ನಿಲ್ಸೇ..."

ಈ ಸಲ ಗೋದಾ ತಿರುಗಿದರು. ಬಲಕ್ಕೆ. ಬರೀ ಗೋಡೆ ಕಡೆ ಕೈ ಚಾಚಿ, "ನಿಲ್ಸಿದೆ ಅಕ್ಕಾ. ನೀರು ಕುಡಿ. ಕಚೇರಿ ಹಾಳಾಗಿ ಹೋಗ್ಲಿ," ಅಂದರು.

ಎಡಗಡೆಯ ಹಾಡು ನಿಂತುಹೋಯ್ತು.

ಕೇಳಿದ್ರಾ? ರೆಕಾರ್ಡಿಂಗಿನಲ್ಲಿ ಹನ್ನೊಂದು ನಿಮಿಷ ಬಿಡದೆ ಹಾಡಿದ ಹೆಂಗಸು... ಅರ್ಧ ಸಾಲಿಗೇ ನಿಂತುಹೋದರು. ನಡುವೆ ಶ್ರುತಿ ಮಾತ್ರ, ಝುಂ... ಆಮೇಲೆ ಬಲಗಡೆಯಿಂದ ಗುಟುಕ್... ಗುಟುಕ್... ಯಾರೋ ನೀರು ಕುಡಿಯೋ ಸದ್ದು. ಲೋಟ ಕೆಳಗಿಟ್ಟ ಸದ್ದು. ಹಾಯಾಗಿ ಒಂದು ಉಸಿರು.

ಚಪ್ಪಲಿ ಕೈಲಿ ಹಿಡ್ಕೊಂಡು ಹೊರಗೆ ಬಂದಿದ್ದಷ್ಟೇ ಮನೋಹರ್‌ಗೆ ನೆನಪು.

ಬೆಳಿಗ್ಗೆ ಸ್ಕೂಟರ್ ತರೋಕೆ ಅವನ ಜೊತೆ ನಾನೇ ಹೋದೆ. ಗೋದಾ ಅದೇ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಊದಿತ್ತು.

"ಅದೊಂದೇ ಸಲ ಕಣಪ್ಪ," ಅಂದರು. "ರಾತ್ರಿಯೆಲ್ಲ ಮತ್ತೆ ಮತ್ತೆ ಹಾಕಿದೆ. ಅಕ್ಕನ ಕಡೆಯಿಂದ ಸದ್ದೇ ಇಲ್ಲ. ನಾನು ಮಾತ್ರ ಹಾಡ್ತಾನೇ ಇದೀನಿ... ನಿಲ್ಸೋದೇ ಇಲ್ಲ."

ಮನೋಹರ್ ತಲೆ ತಗ್ಗಿಸಿ ಜೇಬಿನಿಂದ ತೆಗೆದ. ರಾತ್ರಿ ಬಾವಿ ಹತ್ರ ಕೈಗೆ ಸಿಕ್ಕಿದ್ದು ಅದೇ. ಬಲಗಡೆಯ ಸ್ಪೀಕರಿನ ವೈರು. ತುದಿ ಹರಿದಿದೆ, ಹೊಸದು ಹಾಕೋಣ ಅಂತ ಬಿಚ್ಚಿ ಸುತ್ತಿ ಜೇಬಿಗಿಟ್ಟಿದ್ದ. ಹೊಸದು ಹಾಕೋ ಮೊದಲೇ ಅವರು ರಿಮೋಟ್ ಒತ್ತಿದ್ದರು, ಎರಡೂ ಕಡೆ ದನಿ ಬಂದಿದ್ದಕ್ಕೆ ಇವನೂ ಮರೆತಿದ್ದ.

"ಈಗ ಹಾಕ್ಕೊಡ್ತೀನಮ್ಮ..."

"ಬೇಡ," ಅಂದರು ಗೋದಾ. "ಹಾಕಿದ್ರೆ ಅವಳು ಮತ್ತೆ ನಿಲ್ಸು ಅಂತಾಳೆ, ನಾನು ಹಾಡ್ತಾನೇ ಇರ್ತೀನಿ. ಬೇಡಪ್ಪ."

ನಾನೇ ಬಗ್ಗಿ ನೋಡಿದೆ. ಆ ಸ್ಪೀಕರಿನ ಹಿಂದೆ ಎರಡೂ ತೂತು ಖಾಲಿ, ಒಂದರಲ್ಲಿ ಜೇಡ ಆಗಲೇ ಎಳೆ ಬಿಟ್ಟಿತ್ತು. ವೈರು ನಮ್ಮ ಮನೇಲಿದೆ, ಕೆಂಪು-ಕಪ್ಪು, ಬೇಕಾದ್ರೆ ಈಗಲೇ ತಂದು ತೋರಿಸ್ತೀನಿ. ಸುಳ್ಳು ಹೇಳಿ ನನಗೇನಾಗ್ಬೇಕು? ಆದ ಹಾಗೆ ಹೇಳ್ತಿದೀನಿ.